ಹೊಸ್ತಿಲ ಮೇಲಿನ ಸೇರು

"ಮುಂದ್ಲ ಬಾಕ್ಲಲ್ಲಿ ಓಗ್ಬ್ಯಾಡ ಕಣಪ್ಪ. ಬೇಕಾರೆ ಇತ್ಲು ಕಡೆಯಿಂದ ಓಗು. ಆ ಒಸ್ಲು ಮೇಲಿರೋ ಸೇರ್ಗೆ ಮಾತ್ರ ಕಾಲು ಸೋಕಿಸ್ಬ್ಯಾಡಿ. ಅದ್ರಲ್ಲೂ ಈ ಕೂಸು..."

ಎದುರು ಜಗಲಿಯ ಮೇಲೆ ಕೂತಿದ್ದ ಗುರುಮಲ್ಲಮ್ಮ ಇಷ್ಟು ಹೇಳಿ ಎಲೆಯಡಿಕೆ ಉಗಿದಳು. ಉಗಿದದ್ದು ಮಹದೇವಪ್ರಸಾದನ ಬೂಟಿನ ಪಕ್ಕದಲ್ಲೇ ಬಿತ್ತು. ಅವನು ಬೂಟು ನೋಡಿಕೊಂಡ, ಮುದುಕಿಯನ್ನು ನೋಡಿದ, ಆಮೇಲೆ ನಕ್ಕ.

"ಸೋಕಿದ್ರೆ ಏನಾಯ್ತದಜ್ಜಿ?"

"ಸೇರು ಒದ್ದು ಒಳೀಕ್ ಓದೋಳು ಆ ಮನೆ ಸೊಸೆ. ಸೊಸೆ ಆದೋಳು ಈಚೀಕ್ ಬರಕಿಲ್ಲ. ಮಾಟ ಮಾಡಿ ಮಡಗವ್ರೆ."

"ಸೊಸೆ ಮಾಡ್ಕಂಡ್ರೆ ಒಳ್ಳೇದೇ ಆಯ್ತು ಬುಡಜ್ಜಿ! ಬೀಗರ ಮನೆ ತೊಲೆ, ಕಂಬ, ಬಾಗ್ಲು, ಎಲ್ಲಾನೂ ಪುಕ್ಕಟೆ ಬಿಚ್ಕಂಡು ಓಯ್ತೀನಿ."

ಪಕ್ಕದಲ್ಲಿ ನಿಂತಿದ್ದ ಮಗಳು ಸಿಂಧು ಕಿಸಕ್ಕೆಂದಳು. ಮಗಳು ನಕ್ಕರೆ ಅವನಿಗೆ ಮತ್ತಷ್ಟು ಹುರುಪು. ಮುದುಕಿ ಇನ್ನೇನೋ ಹೇಳಲು ಬಾಯಿ ತೆರೆದವಳು ಈ ಮನುಷ್ಯನ ಮುಖ ನೋಡಿ ಇನ್ನೊಂದು ಎಲೆಗೆ ಸುಣ್ಣ ಹಚ್ಚತೊಡಗಿದಳು.

ಗುಂಡ್ಲುಪೇಟೆಯ ಈ ಮಹದೇವಪ್ರಸಾದನ ಕಸುಬು ಏನೆಂದರೆ, ಬೀಳುತ್ತಿರುವ ಮನೆಗಳ ಮರ ಬಿಚ್ಚಿ ಮಾರುವುದು. ಎಲ್ಲಿ ಹಳೇ ತೊಟ್ಟಿ ಮನೆಯೊಂದು ಸೊಂಟ ಬಗ್ಗಿಸಿದೆ ಎಂದು ಸುದ್ದಿ ಬಂದರೂ ಬೊಲೆರೊ ಹತ್ತಿ ಹೊರಟುಬಿಡುತ್ತಿದ್ದ. ಯಾರೋ ಹುಟ್ಟಿದ, ಯಾರೋ ಸತ್ತ ಮನೆಯ ಕಂಬಗಳು ಬಂಡೀಪುರ ರಸ್ತೆಯ ರೆಸಾರ್ಟುಗಳಿಗೆ ಸೇರುತ್ತಿದ್ದವು. ಅಲ್ಲಿಗೆ ಬರುವ ಪಟ್ಟಣದ ಮಂದಿ ಆ ಕಂಬ ತಬ್ಬಿಕೊಂಡು ಫೋಟೋ ತೆಗೆಸಿಕೊಂಡು, "ಎಷ್ಟು ಚೆನ್ನಾಗಿದೆ ಅಲ್ವಾ" ಎಂದು ಬಿರಿಯಾನಿ ತಿನ್ನಲು ಹೋಗುತ್ತಿದ್ದರು. ಮಾರಿದವನಿಗೆ ನಾಚಿಕೆಯಿಲ್ಲ, ಕೊಂಡವನಿಗಂತೂ ಮೊದಲೇ ಇಲ್ಲ.

ಸಿಂಧು ಅವನಿಗೆ ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡಾಗ ಕೂಸಿಗೆ ಹಾಲುಹಲ್ಲು. ಎತ್ತಿ ಆಡಿಸಿದವನು, ತಲೆ ಬಾಚಿದವನು, ಓದಿಸಿದವನು ಇವನೇ. ಅದರಲ್ಲಿ ಸುಳ್ಳಿಲ್ಲ. ಆದರೆ ಆ ಪ್ರೀತಿಗೂ ಅವನು ಕೊಬ್ಬು ಬೆರೆಸಿಟ್ಟಿದ್ದ. ಹೆಣ್ಣು ಕೇಳಿ ಬಂದವರನ್ನು ಕಾಫಿ ಕೊಟ್ಟು ಕೂರಿಸಿ, "ನನ್ ಮಗಳ್ನ ಯಾರ ಮನೆಗೂ ಕೊಡಕಿಲ್ಲ. ನಿಮ್ ಹುಡುಗ ಬೇಕಾದ್ರೆ ಬ್ಯಾಗ್ ತಗಂಡು ನಮ್ಮನೇಗ್ ಬರ್ಲಿ, ಗೇಟ್ ಕಾಯೋಕ್ ಆಯ್ತಾನೆ" ಎನ್ನುತ್ತಿದ್ದ. ಯಾರದೇ ಮದುವೆಗೆ ಹೋದರೂ ಧಾರೆಯ ಹೊತ್ತಿಗೆ ಇವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಹೆಣ್ಣಿನ ತಂದೆ ಮಗಳ ಬೊಗಸೆಗೆ ನೀರು ಎರೆದು ಕಣ್ಣೊರೆಸಿಕೊಳ್ಳುವಾಗ, ಹಿಂದಿನ ಕುರ್ಚಿಯಿಂದ ಇವನ ದನಿ ಬರುತ್ತಿತ್ತು. "ಒಂದ್ ಚೊಂಬು ನೀರ್ ಉಯ್ದು ಕೊಟ್ಬುಟ್ಟು ಅಳೋದ್ಯಾಕ್ಲಾ? ಮನೇಲೇ ಮಡೀಕಬೇಕಾಗಿತ್ತು." ಕೇಳಿಸಿಕೊಂಡವರು ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದರು.

ಚಾಮರಾಜನಗರದ ಆ ಬೀದಿಗೆ ಹಳಬರು ಈಗಲೂ ಅರಿಶಿನ ಮಂಡಿ ಬೀದಿ ಎನ್ನುತ್ತಾರೆ. ಅರಿಶಿನವೂ ಇಲ್ಲ, ಮಂಡಿಯೂ ಇಲ್ಲ. ವ್ಯಾಪಾರ ದೊಡ್ಡ ರಸ್ತೆಗೆ ಹೋದ ಮೇಲೆ ದೊಡ್ಡಮನುಷ್ಯರೆಲ್ಲ ಮೈಸೂರಿಗೆ ಎದ್ದು ಹೋದರು. ಹೋಗುವಾಗ ಮನೆಗೆ ಬೀಗ ಹಾಕಿದರು, ಆಮೇಲೆ ಬೀಗದ ಕೈಯನ್ನೂ ಮರೆತರು. ಯಾಕಪ್ಪಾ ಬಿಟ್ಟಿರಿ ಎಂದು ಕೇಳಿದರೆ, "ಆ ಬೀದಿಗೆ ಮಾಟ ಆಗದೆ" ಎಂದು ಕೈ ತೊಳೆದುಕೊಳ್ಳುವುದು. ಮಾಟ ಆಗಿದ್ದದ್ದು ಒಂದು ಮನೆಗೆ. ಮಿಕ್ಕ ಮನೆಗಳನ್ನು ತಿಂದದ್ದು ಮಾಲೀಕರ ಸೋಮಾರಿತನ.

ಈಗ ಅಲ್ಲಿ ಹೆಂಚು ಜಾರಿದ ಸೂರುಗಳು, ಗೋಡೆ ಸೀಳಿ ಎದ್ದ ಅರಳಿ ಸಸಿಗಳು, ಅಂಗಳದ ತುಂಬ ಎಕ್ಕದ ಗಿಡ. ಚರಂಡಿ ನಾತ, ಬಾವಲಿ ಹಿಕ್ಕೆಯ ನಾತ, ಗೋಡೆ ಮೂಲೆಗಳಲ್ಲಿ ಗಂಡಸರ ಉಚ್ಚೆಯ ನಾತ. ಒಡೆದ ಬಿಯರ್ ಬಾಟಲಿಗಳ ನಡುವೆ ನಾಯಿಗಳು ಮಲಗಿದ್ದವು. ಬೀದಿಯಲ್ಲಿ ಒಲೆ ಉರಿಯುತ್ತಿದ್ದದ್ದು ಗುರುಮಲ್ಲಮ್ಮನ ಮನೆಯಲ್ಲಿ ಮಾತ್ರ. ಅವಳ ಎದುರಿಗೇ ಮಂಡಿ ಶಿವಮಲ್ಲಪ್ಪನ ತೊಟ್ಟಿ ಮನೆ. ಶಿವಮಲ್ಲಪ್ಪ ಹೋಗಿ ಎಷ್ಟೋ ಕಾಲವಾಗಿತ್ತು. ಅವನ ತಮ್ಮನ ಮಗ ಮೈಸೂರಿನಲ್ಲಿ ಕೂತು ಫೋನಿನಲ್ಲೇ ಮರ ಮಾರಿದ್ದ. "ಏನ್ ಬೇಕಾದ್ರೂ ಬಿಚ್ಕೊಳ್ಳಿ ಸಾರ್, ನನ್ನ ಮಾತ್ರ ಅಲ್ಲಿಗೆ ಕರೀಬೇಡಿ" ಎಂದಿದ್ದ. ಇಂಥವರಿಗೆ ಹಣ ಬೇಕು, ಮನೆಯ ಮುಖ ಬೇಡ.

ಬಾಗಿಲು ನೋಡಿದ್ದೇ ಮಹದೇವಪ್ರಸಾದನ ಬಾಯಲ್ಲಿ ನೀರೂರಿತು. ಆಳೆತ್ತರದ ತೇಗದ ಬಾಗಿಲುವಾಡ, ಮೇಲೆ ಸಿಂಹದ ಮುಖಗಳು, ಬದಿಗೆ ಬಳ್ಳಿಯ ಕೆತ್ತನೆ. ಕದ ತೆರೆದೇ ಇತ್ತು. ಹೊಸ್ತಿಲ ನಡುವೆ ಹಿತ್ತಾಳೆಯ ಸೇರು. ಸೇರಿನ ತುಂಬ ಅಕ್ಕಿ, ಅಕ್ಕಿಯ ಮೇಲೆ ಒಂದು ಅಚ್ಚು ಬೆಲ್ಲ. ಇಷ್ಟು ಗಿಡಗಂಟಿ, ಇಷ್ಟು ಇಲಿ ಹೆಗ್ಗಣಗಳ ನಡುವೆ ಅಕ್ಕಿ ಒಂದು ಕಾಳು ಚೆಲ್ಲದೆ ಬಿಳಿಯಾಗಿ ಕೂತಿತ್ತು. ಬೆಲ್ಲಕ್ಕೆ ಒಂದು ಇರುವೆಯೂ ಮುತ್ತಿರಲಿಲ್ಲ. ಬುದ್ಧಿಯಿದ್ದವನಿಗೆ ಅಷ್ಟು ಸಾಕಾಗಿತ್ತು. ಇವನು ಬಗ್ಗಿ ನೋಡಿ, "ಮುದುಕಿ ದಿನಾ ತುಂಬ್ತಾಳೆ ಅನ್ಸುತ್ತೆ. ರಿಸೆಪ್ಷನ್ ಟೇಬಲ್ ಮೇಲೆ ಇಡೋಕೆ ಚೆನ್ನಾಗದೆ" ಎಂದ.

"ಅಪ್ಪಾ, ಇರಿ ಇರಿ, ಎತ್ಬೇಡಿ!" ಸಿಂಧು ಮೊಬೈಲನ್ನು ಅವನ ಕೈಗೆ ಕೊಟ್ಟಳು. ಅಂಗಡಿಯ ಹೆಸರಲ್ಲಿ ಅವಳು ಮಾಡಿ ಹಾಕುತ್ತಿದ್ದ ರೀಲುಗಳಿಂದಲೇ ಅರ್ಧ ಗಿರಾಕಿ ಬರುತ್ತಿತ್ತು. "ಹಳೇ ಮನೆ, ಸೊಸೆ ಎಂಟ್ರಿ. ಸೂಪರಾಗಿರುತ್ತೆ. ನೀವು ಒಳಗೆ ನಿಂತು ತೆಗೀರಿ. ಬಲಗಾಲೇ ಅಲ್ವಾ?"

"ಬಲಗಾಲೇ ಕಣಮ್ಮಿ. ಮಾಡೋದ್ ಮಾಡ್ತೀವಂತೆ, ಶಾಸ್ತ್ರವಾಗೇ ಮಾಡು."

ಅವನು ಸೇರನ್ನು ದಾಟಿ ಒಳಗೆ ನಿಂತು ಮೊಬೈಲು ಹಿಡಿದು, "ಬಾ ಕಣಮ್ಮಿ, ಬಾ" ಎಂದ. ಸಿಂಧು ದುಪಟ್ಟ ತಲೆಗೆ ಹೊದ್ದು, ನಾಚಿದ ಹಾಗೆ ನಟಿಸಿ, ಬಲಗಾಲ ತುದಿಯಿಂದ ಸೇರನ್ನು ಒದ್ದಳು. ಎದುರು ಜಗಲಿಯಿಂದ "ಅಯ್ಯೋ ಮುಂಡೇದೇ!" ಎಂದು ಗುರುಮಲ್ಲಮ್ಮ ಚೀರಿದ್ದು ಕೇಳಿಸಿತು. ಅಕ್ಕಿ ಒಳಗೆ ಚೆಲ್ಲಿತು. ಸೇರು ಉರುಳಿತು. ಕಲ್ಲಿನ ನೆಲದ ಮೇಲೆ ಗಡಗಡ ಉರುಳುತ್ತ ಒಳಗಿನ ಕತ್ತಲಿಗೆ ಹೋಯಿತು. ಹೋಗುತ್ತಲೇ ಇತ್ತು. ಅಷ್ಟು ಉದ್ದದ ಮನೆ ಅದಲ್ಲ. ಆಮೇಲೆ ಯಾರೋ ಕೈಯಿಟ್ಟು ತಡೆದ ಹಾಗೆ ಸದ್ದು ನಿಂತಿತು.

"ಬಂತಾ ಅಪ್ಪಾ?"

"ಬಂತು, ಬಂತು. ಏನ್ ಆಕ್ಟಿಂಗ್ ಮಾಡ್ದೆ ಕಣಮ್ಮಿ!"

ಒಳಗೆ ತಂಪು. ಹೊರಗೆ ತಲೆ ಸುಡುವ ಬಿಸಿಲು, ಇಲ್ಲಿ ಬಾವಿಯೊಳಗಿನ ತಂಪು. ನಡುಮನೆಯ ತೊಟ್ಟಿಗೆ ಮೇಲೆ ಆಕಾಶ ಕಾಣುತ್ತಿತ್ತು, ಆದರೆ ಬೆಳಕು ಅರ್ಧಕ್ಕೇ ನಿಂತು ಕೆಳಗೆ ಇಳಿಯಲು ಹೇಸುತ್ತಿತ್ತು. ಮಹದೇವಪ್ರಸಾದ ಕಂಬಗಳನ್ನು ತಟ್ಟಿ ನೋಡಿದ. ಗಟ್ಟಿ ಮರ. ಹುಳ ಬಿದ್ದಿರಲಿಲ್ಲ. ಮೊದಲು ಸಂತೋಷವಾಯಿತು. ಆಮೇಲೆ ವಾಸನೆ ಬಂತು.

ಅರಿಶಿನ ಬೇಯುವ ವಾಸನೆ. ಹಸಿ ಅರಿಶಿನದ ಕೊಂಬನ್ನು ಕೊಪ್ಪರಿಗೆಯಲ್ಲಿ ಕುದಿಸುವಾಗ ಏಳುವ ಮಣ್ಣಿನ, ಹೊಗೆಯ, ಕಹಿ ಕಹಿ ವಾಸನೆ. ಅದರ ಹಿಂದೆಯೇ ಬಾಡಿದ ಮಲ್ಲಿಗೆ. ಅದರ ಹಿಂದೆ ಇನ್ನೇನೋ, ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆಯ ಬಟ್ಟೆಯದು. ಒಳಕೋಣೆಯ ಕಡೆಯಿಂದ ಒರಳಲ್ಲಿ ಏನೋ ಕುಟ್ಟುವ ಸದ್ದು ಮೆಲ್ಲಗೆ ಕೇಳಿಸಿತು. ಧಬ್. ಧಬ್.

"ಹಿತ್ಲಲ್ಲಿ ಯಾರೋ ಅವ್ರೆ" ಎಂದ ಅವನು. ತನಗೆ ತಾನೇ ಹೇಳಿಕೊಂಡ.

"ಥೂ, ಇದೇನಪ್ಪಾ ಇದು!" ಸಿಂಧು ಕಂಬದಿಂದ ಕೈ ಕಿತ್ತುಕೊಂಡಳು. ಎರಡೂ ಅಂಗೈ ಹಳದಿಯಾಗಿದ್ದವು. ಹಸಿ ಅರಿಶಿನ. ಮುಂಗೈವರೆಗೆ ಯಾರೋ ಕೂರಿಸಿಕೊಂಡು ಹಚ್ಚಿದಷ್ಟು ಒಪ್ಪವಾಗಿ ಹತ್ತಿತ್ತು. ಅವಳು ಜೀನ್ಸಿಗೆ ಒರೆಸಿದಳು, ಹೋಗಲಿಲ್ಲ. ಗೋಡೆಗೆ ಉಜ್ಜಿದಳು, ಇನ್ನಷ್ಟು ಹತ್ತಿತು. "ಅಪ್ಪಾ, ಕೈ ಉರೀತಾ ಇದೆ. ನೀರ್ ಹಾಕಿ ಬೇಗ."

ಅವನ ಬಳಿ ನೀರಿನ ಬಾಟಲಿಯಿತ್ತು. ಮುಚ್ಚಳ ತಿರುಗಿಸಿದ. ಸಿಂಧು ಬೊಗಸೆಯೊಡ್ಡಿದಳು. ತಲೆಯ ಮೇಲೆ ಇನ್ನೂ ದುಪಟ್ಟ ಹಾಗೇ ಇತ್ತು. ಹೊರಗಿನಿಂದ ಗುರುಮಲ್ಲಮ್ಮ ಅರಚುತ್ತಿದ್ದಳು. "ಉಯ್ಬ್ಯಾಡ ಕಣೋ! ನೀರ್ ಉಯ್ಬ್ಯಾಡ!"

"ಈ ಮುದ್ಕಿಗೆ ಬಾಯಿ ನೋಯಕಿಲ್ವಾ" ಎಂದು ಬೈದು, ಮಗಳ ಬೊಗಸೆಗೆ ಅವನು ನೀರು ಎರೆದ.

ನೀರು ಅವಳ ಬೆರಳ ಸಂದಿಯಿಂದ ಇಳಿಯಿತು. ನೆಲಕ್ಕೆ ಬೀಳಲಿಲ್ಲ.

ಅವಳ ಕೈಯ ಕೆಳಗೆ, ಒಂದು ಗೇಣಿನಷ್ಟು ಕೆಳಗೆ, ಬರೀ ಗಾಳಿಯಲ್ಲಿ ನೀರು ನಿಂತಿತು. ತುಂಬಿತು. ಇನ್ನೊಂದು ಬೊಗಸೆ ತುಂಬಿದಷ್ಟು ತುಂಬಿ, ಅಲ್ಲಿಂದ ಹನಿಹನಿಯಾಗಿ ಕೆಳಗೆ ತೊಟ್ಟಿಕ್ಕಿತು.

ಒರಳಿನ ಸದ್ದು ನಿಂತಿತು. ಮನೆಯ ತುಂಬ ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು. ಅವನ ತಲೆ ಮೇಲೆ, ಹೆಗಲ ಮೇಲೆ ಏನೋ ಉದುರಿತು. ಗೆದ್ದಲು ಮಣ್ಣು ಎಂದುಕೊಂಡು ಕೊಡವಿದ. ಕೈಗೆ ಸಿಕ್ಕದ್ದು ಅಕ್ಕಿ. ಅರಿಶಿನ ಕಲಸಿದ ಅಕ್ಕಿ. ಅಕ್ಷತೆ.

ಆಗ ಅವನಿಗೆ ಗೊತ್ತಾಯಿತು. ಹಿಂದಿನ ಕುರ್ಚಿಯಲ್ಲಿ ಕೂತು ಯಾವ ಧಾರೆಗೆ ಹಲ್ಲು ಕಿಸಿಯುತ್ತಿದ್ದನೋ, ಅದನ್ನೇ ಪ್ಲಾಸ್ಟಿಕ್ ಬಾಟಲಿ ಹಿಡಿದು ಮಾಡಿ ಮುಗಿಸಿದ್ದ.

"ಸಿಂಧು. ನಡಿ ಈಚೆಗೆ."

ಅವಳು ಅಲುಗಲಿಲ್ಲ. ತೋಳು ಹಿಡಿದು ಎಳೆದ. ತಣ್ಣಗಿತ್ತು. ಎಳೆದಷ್ಟೂ ಭಾರ. ಬಾಟಲಿ ಬಿತ್ತು. ಕತ್ತಲು ಹತ್ತಿರ ಬಂತು. ಅರಿಶಿನದ ವಾಸನೆ ಗಂಟಲಿಗೆ ಇಳಿಯಿತು. ಯಾರೋ ಪಕ್ಕದಲ್ಲೇ ಉಸಿರಾಡುತ್ತಿದ್ದರು. ತಣ್ಣನೆಯ ಉಸಿರು. ಅವನು ತಿರುಗಿ ನೋಡಲಿಲ್ಲ. ನೋಡುವ ಗಂಡಸುತನ ಎಲ್ಲಿತ್ತು? ಮಗಳನ್ನು ಎತ್ತಿ ಎದೆಗವಚಿಕೊಂಡ. ಓಡಿದ. ಕಾಲಡಿ ಅಕ್ಕಿ ಜಾರಿತು. ಬಿದ್ದ. ಎದ್ದ. ಬಾಗಿಲು. ಹೊಸ್ತಿಲು. ದಾಟಿದ.

ಬಿಸಿಲು ಮುಖಕ್ಕೆ ರಾಚಿತು.

"ಬಂದ್ಬುಟ್ವಿ ಕಣಮ್ಮಿ, ಬಂದ್ಬುಟ್ವಿ" ಎಂದು ಮಗಳ ಮುಖ ನೋಡಿದ. ತುಟಿ ನೀಲಿಯಾಗಿತ್ತು. ಕಣ್ಣು ಅರ್ಧ ತೆರೆದಿತ್ತು. ಮೂಗಿಗೆ ಕೈಯಿಟ್ಟ. ಉಸಿರಿಲ್ಲ. ಎದೆಗೆ ಕಿವಿಯಿಟ್ಟ. ಏನೂ ಇಲ್ಲ. ಕೆನ್ನೆಗೆ ಬಡಿದ. ಕೂಗಿದ. ತಲೆ ಪಕ್ಕಕ್ಕೆ ವಾಲಿತು.

"ಒಳೀಕ್ ತಕ್ಕಂಡೋಗು!" ಗುರುಮಲ್ಲಮ್ಮ ಬೀದಿ ದಾಟಿ ಬಂದಿದ್ದಳು. "ಕೂಸು ಬದುಕ್ಬೇಕಾದ್ರೆ ಒಳೀಕ್ ತಕ್ಕಂಡೋಗ್ಲಾ ಪಾಪಿ!"

ಯಾರ ಮಾತನ್ನೂ ಕೇಳದ ಮನುಷ್ಯ ಆ ಮಾತನ್ನು ಕೇಳಿದ. ಮತ್ತೆ ಹೊಸ್ತಿಲು ದಾಟಿದ. ದಾಟಿದ್ದೇ ತಡ, ಸಿಂಧು ಕೆಮ್ಮಿದಳು, ಉಸಿರೆಳೆದಳು, ಅವನ ತೋಳಿನಿಂದ ಇಳಿದು ನಿಂತಳು. ದುಪಟ್ಟ ಸರಿಮಾಡಿಕೊಂಡಳು.

"ಮಗಾ... ಯಾರವ್ವಾ ಅವ್ರು? ಯಾರ್ ಅವ್ರೆ ಒಳಗೆ?"

ಮಗಳು ತಲೆ ತಗ್ಗಿಸಿದಳು. ಹೊತ್ತು ಮೂಡಿದರೆ ಕ್ಯಾಮೆರಾ ಮುಂದೆ ಕುಣಿಯುತ್ತಿದ್ದ ಹುಡುಗಿ, ಕಾಲ ಹೆಬ್ಬೆರಳಿಂದ ನೆಲ ಕೆರೆದಳು. ಈ ಸಲದ ನಾಚಿಕೆ ನಟನೆಯಾಗಿರಲಿಲ್ಲ.

"ಅವ್ರ ಹೆಸ್ರು ನಾನ್ ಹೇಳ್ಬಾರ್ದಲ್ವಾ ಅಪ್ಪಾ."

ಅವನಿಗೆ ಅರ್ಥವಾಯಿತು. ಅತ್ತ. ಬಾಯಿ ಬಿಟ್ಟು, ಸುರಿಯುವ ಮೂಗನ್ನೂ ಒರೆಸಿಕೊಳ್ಳದೆ ಅತ್ತ. ತಾನೂ ಇಲ್ಲೇ ಇರುತ್ತೇನೆಂದು ಕಂಬಕ್ಕೆ ಒರಗಿ ಕೂತ. "ನೀವ್ ಹೊರಡಿ ಅಪ್ಪಾ. ಹೆಣ್ಣಿನ ಕಡೆಯೋರು ಇಲ್ಲಿ ಉಳ್ಕೊಳೋ ಹಾಗಿಲ್ಲ ಅಂತಿದಾರೆ" ಎಂದಳು ಸಿಂಧು. ಯಾರು ಹಾಗೆಂದರು ಎಂದು ಕೇಳುವಷ್ಟರಲ್ಲಿ ಅವನ ಎದೆಗೆ ತಣ್ಣನೆಯ ಅಂಗೈಯೊಂದು ಒತ್ತಿತು. ಕಣ್ಣು ಬಿಟ್ಟಾಗ ಜಗಲಿಯ ಕೆಳಗೆ ಎಕ್ಕದ ಗಿಡಗಳ ನಡುವೆ ಬಿದ್ದಿದ್ದ. ಅಂಗಿಯ ಮೇಲೆ ಹಳದಿ ಕೈಯಚ್ಚು ಇತ್ತು.

ಗುರುಮಲ್ಲಮ್ಮ ಅದೇ ಜಗಲಿಯ ಮೇಲೆ ಕೂತು ಅವನನ್ನು ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಕನಿಕರ ಇರಲಿಲ್ಲ.

"ಅದು ನಾನು ಒದೀಬೇಕಾಗಿದ್ದ ಸೇರು" ಎಂದಳು. "ಧಾರೆ ಮುಗ್ಸ್ಕಂಡು ಇದೇ ಒಸ್ಲಲ್ಲಿ ನಿಂತಿದ್ದೆ. ಎದ್ರಿಕೆಗೆ ಎಡಗಾಲು ಎತ್ಬುಟ್ಟೆ. ನಮ್ಮತ್ತೆ ದೊಡ್ಡಮಲ್ಲಮ್ಮ, ದರಿದ್ರದ ಕಾಲು ಅಂದ್ಲು. ಬಾಕ್ಲಿಂದ್ಲೇ ವಾಪಸ್ ಕಳ್ಸುದ್ಲು. ಊರೆಲ್ಲ ನೋಡ್ತಿತ್ತು, ಒಬ್ಬ ಗಂಡ್ಸು ಬಾಯಿ ಬುಡ್ನಿಲ್ಲ. ತಾಳಿ ಕಟ್ಟಿದ್ನಲ್ಲ ಶಿವಮಲ್ಲಪ್ಪನ ಮಗ, ಅವನೂ ಬುಡ್ನಿಲ್ಲ. ನಮ್ಮವ್ವ ಒಸ್ಲು ಮಣ್ಣು ತಕ್ಕಂಡೋಗಿ ಮಾಟ ಮಾಡುಸ್ದಳು. ನನ್ ಮಗಳ್ನ ತಳ್ದ ಮನೆಗೆ ಒದ್ದು ಬಂದೋಳು ಆಚೀಕ್ ಓಗ್ಬಾರ್ದು, ಅಂಥೋಳು ಬರೋ ಗಂಟ ಈ ಮನೇಲಿ ದೀಪ ಅತ್ಬಾರ್ದು ಅಂತ. ಅವನು ಆ ವರ್ಸವೇ ಒಣಗ್ಕಂಡು ಸತ್ತ. ಅವ್ವ ಕಟ್ಟಿದ್ದು ಮನೆಗೊಂದೇ ಅಲ್ಲ, ನನ್ಗೂ ಸೇರ್ಸಿ ಕಟ್ಬುಟ್ಳು. ಬೇರೆ ಊರಲ್ಲಿ ಒಂದು ರಾತ್ರೆ ಮಲಗಿದ್ರೂ ರಕ್ತ ಕಾರ್ತಿದ್ದೆ. ಅದ್ಕೇ ಈ ಎದ್ರು ಮನೇಲೇ ಬಿದ್ದಿದ್ದೆ, ಇವತ್ತು ಕಟ್ಟು ಬಿಚ್ತು."

ಮಹದೇವಪ್ರಸಾದ ಅವಳ ಕಾಲು ಹಿಡಿದ. "ಬುಡ್ಸವ್ವಾ. ಏನ್ ಬೇಕಾದ್ರೂ ಮಾಡ್ತೀನಿ. ನನ್ ಕೂಸ್ನ ಬುಡ್ಸು."

"ಕೂಸು ಒದ್ದಿದ್ದು ಆಟ. ಅಷ್ಟೇ ಆಗಿದ್ರೆ ಮಾದಪ್ಪನ ಎಸ್ರಲ್ಲಿ ತಡೆ ಒಡ್ಸಿ ಈಚೀಕ್ ತರ್ಬೋದಾಗಿತ್ತು. ಧಾರೆ ಎರ್ದೋನ್ ಯಾರು? ಎತ್ತಪ್ಪನೇ ಕೊಟ್ಟಿದ್ನ ಯಾವ ದ್ಯಾವ್ರು ವಾಪಸ್ ಈಸ್ಕೊಟ್ಟಾನು? ನಾನ್ ಏಳ್ದೆ. ಬಡ್ಕಂಡೆ. ನಿನ್ನ ಕೊಬ್ಬು ಕೇಳುಸ್ಕಳಕ್ ಬುಡ್ನಿಲ್ಲ."

ಅವಳು ಕಾಲು ಕಿತ್ತುಕೊಂಡಳು. ಮನೆಗೆ ಹೋಗಿ ಒಂದು ಚೀಲಕ್ಕೆ ಎರಡು ಸೀರೆ ತುಂಬಿಕೊಂಡು, ಸಾಕಿದ್ದ ಮೇಕೆಯ ಹಗ್ಗ ಹಿಡಿದು ಬಂದಳು. ಹರದನಹಳ್ಳಿಯಲ್ಲಿ ಅವಳ ತಮ್ಮನ ಮನೆಯಿತ್ತು. ಹುಟ್ಟಿದೂರಲ್ಲಿ ಮದುವೆಯಾದ ಮೇಲೆ ಒಂದು ರಾತ್ರಿಯೂ ತಂಗಲಾಗದಿದ್ದ ಹೆಂಗಸು ಹಿಂದಿರುಗಿ ನೋಡದೆ ಬೀದಿ ದಾಟಿ ಹೋದಳು. ಅವಳ ಹೆಜ್ಜೆಯಲ್ಲಿ ಮುಪ್ಪು ಕಾಣುತ್ತಿರಲಿಲ್ಲ.

ಆಮೇಲೆ ಅವನು ಮಾಡದ್ದೇನು? ಪೊಲೀಸರನ್ನು ಕರೆತಂದ. ಬಂದವನು ಬಾಗಿಲಲ್ಲೇ ನಿಂತು ಕೇಳಿದ. ಸಿಂಧು ಹೊಸ್ತಿಲೊಳಗೆ ನಿಂತು, "ನಾನು ಮೇಜರ್ ಸಾರ್. ನನ್ನ ಮನೇಲಿ ನಾನಿದೀನಿ" ಎಂದಳು. ಮಹದೇವಪ್ರಸಾದ ಮೊಬೈಲು ತೆಗೆದು ವಿಡಿಯೋ ತೋರಿಸಿದ. "ನಗ್ತಾ ನಗ್ತಾ ಒಳಗೆ ಹೋಗ್ತಾ ಇದಾಳಲ್ರೀ. ಬಾ ಅಂತ ಕರೀತಾ ಇರೋದು ನಿಮ್ಮದೇ ವಾಯ್ಸು" ಎಂದು ಪೊಲೀಸಿನವನು ಟೋಪಿ ಸರಿಮಾಡಿಕೊಂಡು ಹೋದ. ಮಂತ್ರವಾದಿಗಳನ್ನು ಕರೆತಂದ. ಒಬ್ಬ ಬೀದಿ ತಿರುವಿನಲ್ಲೇ ಬೈಕು ತಿರುಗಿಸಿದ. ಇನ್ನೊಬ್ಬ ಹೊಸ್ತಿಲು ಮೂಸಿ ನೋಡಿ, "ಮದ್ವೆ ಆಗೋಗದೆ ಸ್ವಾಮಿ" ಎಂದು ತಾಂಬೂಲವನ್ನೂ ಮುಟ್ಟದೆ ಎದ್ದ. ಗುಂಡ್ಲುಪೇಟೆಯಲ್ಲಿ ಜನ ಆಡಿಕೊಂಡರು. "ಗೇಟ್ ಕಾಯೋ ಅಳಿಯನ್ನ ಹುಡುಕ್ತಿದ್ನಲ್ಲ, ಈಗ ಅವನೇ ಗೇಟ್ ಕಾಯ್ತಾವ್ನೆ."

ಸುಳ್ಳೇನಲ್ಲ. ಗುರುಮಲ್ಲಮ್ಮ ಬಿಟ್ಟು ಹೋದ ಮನೆಯಲ್ಲಿ ಈಗ ಅವನಿದ್ದಾನೆ. ಮರದ ವ್ಯಾಪಾರ ಬಿಟ್ಟ. ಬೇರೆ ಬಿದ್ದ ಮನೆಗಳಿಂದ ಒಳ್ಳೆಯ ಹೆಂಚು ಆರಿಸಿ ತಂದು ಶಿವಮಲ್ಲಪ್ಪನ ಮನೆಗೆ ಹೊದಿಸುತ್ತಾನೆ. ಸೂರಿನ ರೀಪರು ಪಟ್ಟಿ ಬದಲಾಯಿಸುತ್ತಾನೆ. ಗೋಡೆಯ ಅರಳಿ ಸಸಿ ಕೀಳುತ್ತಾನೆ. ಊರೂರಿನ ಮನೆ ಬಿಚ್ಚಿದವನು ಒಂದು ಮನೆಯನ್ನು ಬೀಳದ ಹಾಗೆ ಹಿಡಿದುಕೊಂಡು ನಿಂತಿದ್ದಾನೆ. ಮನೆ ಬಿದ್ದರೆ ಮಗಳು ಎಲ್ಲಿಗೆ ಬರಬೇಕು? ಹೊರಗೆ ಬಂದರೆ ಅವಳಿಗೆ ಉಸಿರಿಲ್ಲ.

ಗೌರಿ ಹಬ್ಬಕ್ಕೆ ಬಾಗಿನ ತಂದ. ಹೊಸ್ತಿಲಾಚೆ ನಿಂತು ಸೀರೆ, ಬಳೆ, ಹೂವು ನೀಡಿದ. ಅರಿಶಿನದ ಕೈಯೊಂದು ಈಸಿಕೊಂಡಿತು. ಮಗಳದ್ದೇ ಕೈ. ಅದರ ಪಕ್ಕದಲ್ಲಿ ಇನ್ನೊಂದು ಕೈಯೂ ಚಾಚಿದಂತಾಯಿತು, ಅವನು ಕಣ್ಣು ಮುಚ್ಚಿಕೊಂಡ.

ಮೊನ್ನೆ ಮಧ್ಯಾಹ್ನ ಅವನು ಸೂರಿನ ಮೇಲೆ ಕೂತು ಹೆಂಚು ಸರಿಪಡಿಸುತ್ತಿದ್ದ. ಕೆಳಗಿನಿಂದ ದನಿ ಬಂತು.

"ಅಪ್ಪಾ..."

"ಏನವ್ವಾ?"

"ಬಾಯಿಗೆ ಏನೂ ರುಚಿ ಇಲ್ಲ ಅಪ್ಪಾ. ಊಟದ ವಾಸನೆ ಬಂದ್ರೆ ವಾಂತಿ. ಹುಣ್ಸೇಕಾಯಿ ತಂದ್ಕೊಡ್ತೀರಾ? ಎಳೇದು."

ಅವನ ಕೈಯ ಹೆಂಚು ಜಾರಿ ಅಂಗಳದಲ್ಲಿ ಒಡೆಯಿತು. ಸಿಂಧುವನ್ನು ಹೊಟ್ಟೆಯಲ್ಲಿ ಹೊತ್ತಾಗ ಅವಳ ತಾಯಿಯೂ ಇದನ್ನೇ ಕೇಳಿದ್ದಳು, ಇದೇ ದನಿಯಲ್ಲಿ. ಹೆತ್ತಮನೆಗೆ ಕರೆದುಕೊಂಡು ಹೋಗಿ ಚೊಚ್ಚಿಲ ಬಾಣಂತನ ಮಾಡಬೇಕಾದ ಅಪ್ಪ ಸೂರಿನ ಮೇಲೆ ಕಲ್ಲಾಗಿ ಕೂತ. ಕೆಳಗೆ, ತೊಟ್ಟಿಯ ಕತ್ತಲಲ್ಲಿ, ಯಾರೋ ಮೆಲ್ಲಗೆ ಖಾಲಿ ತೊಟ್ಟಿಲು ತೂಗುವ ಸದ್ದು ಕೇಳಿಸುತ್ತಿತ್ತು.

"ತರ್ತೀರಾ ಅಪ್ಪಾ?"

"ತತ್ತೀನಿ ಕಣಮ್ಮಿ" ಎಂದು ಅವನು ಏಣಿಯಿಳಿದು ಹುಣಸೇಮರ ಹುಡುಕಿಕೊಂಡು ಹೊರಟ.